ಬಿಎ, ಬಿಕಾಂ ಓದಿದವರಿಗೂ ಎಂಸಿಎ: ಬಾಗಿಲು ತೆರೆದೇ ಇದೆ, ಆದ್ರೆ ಒಂದು ಮೆಟ್ಟಿಲು ಕಡಿಮೆ

ರಾಯಚೂರು: ಪದವಿ ಫಲಿತಾಂಶ ಬಂದ ಕೂಡಲೇ ದೇವದುರ್ಗ, ಮಾನ್ವಿ ಕಡೆಯ ಮನೆಗಳಲ್ಲಿ ಒಂದೇ ಪ್ರಶ್ನೆ, ‘ಮುಂದೇನು?’ ಮೊದಲೆಲ್ಲ ಇದಕ್ಕೆ ನಾಲ್ಕೈದು ಉತ್ತರ ಇದ್ದವು. ಬಿಎಡ್ ಮಾಡೋದು, ಎಂಎ ಅಥವಾ ಎಂಕಾಂ ಸೇರೋದು, ಧಾರವಾಡಕ್ಕೆ ಹೋಗಿ ಪಿಎಸ್‌ಐ, ಪಿಡಿಒ, ಕೆಎಎಸ್ ಕೋಚಿಂಗ್‌ಗೆ ಕೂಡೋದು, ಇಲ್ಲವೇ ಅಪ್ಪನ ಅಂಗಡಿ ಗಲ್ಲಾದ ಮೇಲೆ ಕೂಡೋದು. ಈಗ ಇನ್ನೊಂದು ಹೆಸರೂ ಕೇಳಿಬರುತ್ತಿದೆ. ಅದು ಎಂಸಿಎ. ‘ಬಿಕಾಂ ಆದವ್ರೂ ಎಂಸಿಎ ಮಾಡ್ಬಹುದಂತ, ಕಂಪ್ಯೂಟರ್ ಲೈನ್‌ಗೆ ಹೋಗ್ಬಹುದಂತ, ಖರೇನಾ?’ ಎಂಬುದು ಪಾಲಕರ ಪ್ರಶ್ನೆ.

ಖರೆ. ಆದರೆ ಪೂರ್ತಿ ಖರೆ ಅಲ್ಲ. ಬೇರೆ ವಿಷಯ ಓದಿದವರನ್ನು ಕಂಪ್ಯೂಟರ್ ವಿಜ್ಞಾನದ ಕಡೆ ತಿರುಗಿಸಲು ಇರುವ ದಾರಿಗಳಲ್ಲಿ ನಮ್ಮ ದೇಶದಲ್ಲಿ ಎಂಸಿಎಯೇ ಹಳೆಯದು, ಅದೇ ದೊಡ್ಡದು. ಆ ದಾರಿಯ ಅಳತೆ 2020ರಲ್ಲಿ ಬದಲಾಯಿತು. ಆ ಬದಲಾವಣೆಯಿಂದ ಯಾರಿಗೆ ಅನುಕೂಲ ಆಯಿತು, ಯಾರಿಗೆ ಕಷ್ಟ ಆಯಿತು, ನಮ್ಮ ಜಿಲ್ಲೆಯ ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನೋದನ್ನು ತಿಳಿಯದೆ ಫೀಸು ಕಟ್ಟಿದರೆ ಎರಡು ವರ್ಷ, ಎರಡು-ಮೂರು ಲಕ್ಷ ರೂಪಾಯಿ ನೀರಿಗೆ ಹಾಕಿದ ಹಾಗೆ.

ಹುಟ್ಟಿದ್ದೇ ಬೇರೆ ಪದವಿಯವರಿಗಾಗಿ

ಎಂಸಿಎ ಎಂಬ ಪದವಿ ಶುರುವಾದ ಕಥೆ ಬಹಳ ಜನರಿಗೆ ಗೊತ್ತಿಲ್ಲ. 1965ರಲ್ಲಿ ಐಐಟಿ ಕಾನ್ಪುರದಲ್ಲಿ ದೇಶದ ಮೊದಲ ಕಂಪ್ಯೂಟರ್ ಸೈನ್ಸ್ ಶಿಕ್ಷಣ ಕಾರ್ಯಕ್ರಮ ಶುರು ಮಾಡಿದವರಲ್ಲಿ ಪ್ರೊ. ವಿ. ರಾಜಾರಾಮನ್ ಪ್ರಮುಖರು. ಮುಂದೆ ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1980ರ ಆಸುಪಾಸಿನಲ್ಲಿ ದೇಶಕ್ಕೆ ಎಷ್ಟು ಕಂಪ್ಯೂಟರ್ ತಜ್ಞರು ಬೇಕಾಗುತ್ತಾರೆ ಎಂದು ನೋಡಲು ಎಲೆಕ್ಟ್ರಾನಿಕ್ಸ್ ಆಯೋಗ ಸಮಿತಿ ರಚಿಸಿದಾಗ ಅದರ ಅಧ್ಯಕ್ಷರಾಗಿದ್ದವರೂ ಅವರೇ. ಆ ಸಮಿತಿ ಕೊಟ್ಟ ಸಲಹೆಗಳಲ್ಲಿ ಒಂದು ಎಂಸಿಎ.

ಸಮಿತಿಯ ಯೋಚನೆ ಸರಳವಾಗಿತ್ತು. ಎಂಜಿನಿಯರಿಂಗ್ ಕಾಲೇಜುಗಳಿಂದ ಮಾತ್ರ ಜನ ಬಂದರೆ ಸಾಲದು. ಬಿಎಸ್ಸಿ, ಬಿಕಾಂ, ಬಿಎ ಓದಿದವರಲ್ಲೂ ಬುದ್ಧಿವಂತರಿದ್ದಾರೆ, ಅವರಿಗೆ ಮೂರು ವರ್ಷ ಸರಿಯಾಗಿ ಕಲಿಸಿದರೆ ಸಾಫ್ಟ್‌ವೇರ್ ಕೆಲಸಕ್ಕೆ ತಯಾರಾಗುತ್ತಾರೆ. ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳ ಲೆಕ್ಕ ಗೊತ್ತಿರೋರು ಕಂಪ್ಯೂಟರ್ ಕಲಿತರೆ ಅಲ್ಲಿಗೆ ಬೇಕಾದ ಸಾಫ್ಟ್‌ವೇರ್ ಬರೆಯೋದು ಸುಲಭ ಅನ್ನೋದೂ ಅದರ ಹಿಂದಿತ್ತು.

ಇದೇ ಯೋಚನೆ ಹೊರದೇಶಗಳಲ್ಲೂ ಇದೆ. ಬ್ರಿಟನ್‌ನಲ್ಲಿ ಇಂಥ ಕೋರ್ಸಿಗೆ ‘ಕನ್ವರ್ಷನ್’ ಮಾಸ್ಟರ್ಸ್ ಅಂತಲೇ ಹೆಸರು. ಇತಿಹಾಸ, ಜೀವಶಾಸ್ತ್ರ, ಸಂಗೀತ ಓದಿದವರೂ ಸೇರಬಹುದು. 2020ರಲ್ಲಿ ಅಲ್ಲಿನ ಸರ್ಕಾರ ಕೃತಕ ಬುದ್ಧಿಮತ್ತೆ ಮತ್ತು ಡೇಟಾ ಸೈನ್ಸ್ ವಿಷಯದ ಕನ್ವರ್ಷನ್ ಕೋರ್ಸುಗಳಲ್ಲಿ 2,500 ಸೀಟುಗಳಿಗೆ ದುಡ್ಡು ಕೊಟ್ಟಿತು, ಅದರಲ್ಲಿ 1,000 ವಿದ್ಯಾರ್ಥಿವೇತನವನ್ನು ಮಹಿಳೆಯರು, ಕಪ್ಪು ಸಮುದಾಯದವರು, ಅಂಗವಿಕಲರಂಥ ಹಿಂದುಳಿದ ಗುಂಪುಗಳಿಗೆ ಮೀಸಲಿಟ್ಟಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2001ರಿಂದಲೇ ಇಂಥ ಮಾಸ್ಟರ್ಸ್ ನಡೆಸುತ್ತಿದೆ. ನಾರ್ತ್ ಈಸ್ಟರ್ನ್ ವಿಶ್ವವಿದ್ಯಾಲಯದ ‘ಅಲೈನ್’ ಕಾರ್ಯಕ್ರಮದಲ್ಲಿ ಬೇರೆ ಪದವಿಯವರು ಮೊದಲು ಬ್ರಿಜ್ ಕೋರ್ಸುಗಳನ್ನು ಮುಗಿಸಬೇಕು, ಆಮೇಲೆ ಮಾಸ್ಟರ್ಸ್ ವಿಷಯಗಳು. ಮೊದಲು ಬುನಾದಿ, ಆಮೇಲೆ ಗೋಡೆ.

ಎಂಸಿಎ ಕೂಡ ಹಾಗೇ ಇತ್ತು, 2020ರವರೆಗೆ.

ಎಲ್ಲಿ ಹೋಯಿತು ಮೊದಲನೇ ವರ್ಷ?

ಹಳೆಯ ಎಂಸಿಎ ಮೂರು ವರ್ಷದ್ದು. ಬಿಎಸ್ಸಿ, ಬಿಕಾಂ ಓದಿ ಬಂದವರು ಮೊದಲನೇ ವರ್ಷದಲ್ಲಿ ಪ್ರೋಗ್ರಾಮಿಂಗ್, ಕಂಪ್ಯೂಟರಿನ ಒಳರಚನೆ, ಅದಕ್ಕೆ ಬೇಕಾದ ಗಣಿತ ಇವನ್ನೆಲ್ಲ ಅಆಇಈಯಿಂದ ಕಲೀತಿದ್ದರು. ಬಿಸಿಎ ಅಥವಾ ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಮಾಡಿದವರಿಗೆ ಇದು ಗೊತ್ತಿರುವುದರಿಂದ ಅವರಿಗೆ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶ ಇತ್ತು.

2020-21ನೇ ಸಾಲಿನಿಂದ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಎಂಸಿಎಯನ್ನು ಎರಡು ವರ್ಷಕ್ಕೆ ಇಳಿಸಿತು. ಬಿಸಿಎ ಮಾಡಿದವರಿಗೆ ಇದರಿಂದ ತೊಂದರೆ ಏನೂ ಆಗಲಿಲ್ಲ, ಅವರು ಮೊದಲೂ ಎರಡೇ ವರ್ಷ ಓದುತ್ತಿದ್ದರು. ಬಿಎ, ಬಿಕಾಂನಿಂದ ಬರುವವರಿಗೆ ಒಂದು ವರ್ಷದ ಖರ್ಚು ಉಳಿಯಿತು, ಒಳ್ಳೆಯದೇ. ಆದರೆ ಹೋಗಿದ್ದು ಯಾವ ವರ್ಷ? ಅವರಿಗೇ ಅಂತ ಇದ್ದ ಮೊದಲನೇ ವರ್ಷ. ಅದರ ಬದಲು ‘ಬ್ರಿಜ್ ಕೋರ್ಸ್’ ಬಂತು. ಕಂಪ್ಯೂಟರ್ ಓದದೆ ಬಂದವರಿಗೆ ಕೆಲವು ಹೆಚ್ಚುವರಿ ವಿಷಯ ಕಲಿಸಬೇಕು, ಅದರ ರೂಪ ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟಿದ್ದು.

ಹೀಗಾಗಿ ಈಗಿನ ತರಗತಿಯಲ್ಲಿ ಮೂರು ವರ್ಷ ಜಾವಾ, ಡೇಟಾಬೇಸ್ ಓದಿದ ಬಿಸಿಎ ವಿದ್ಯಾರ್ಥಿ ಮತ್ತು ಕೀಬೋರ್ಡ್ ಮುಟ್ಟಿದ್ದೇ ಟ್ಯಾಲಿ ಕಲಿಯುವಾಗ ಎಂಬ ಬಿಕಾಂ ವಿದ್ಯಾರ್ಥಿ ಮೊದಲ ದಿನದಿಂದ ಒಂದೇ ಬೆಂಚಿನಲ್ಲಿ. ಬ್ರಿಜ್ ಕೋರ್ಸ್ ಗಟ್ಟಿಯಾಗಿದ್ದರೆ ಒಂದು ಸೆಮಿಸ್ಟರಿನಲ್ಲಿ ಸರಿದೂಗಬಹುದು. ಬರೀ ಕಾಗದದ ಮೇಲೆ ಇದ್ದರೆ ಮೊದಲ ಸೆಮಿಸ್ಟರಿನಲ್ಲೇ ಬ್ಯಾಕ್‌ಲಾಗ್ ಶುರು. ಕಾಲೇಜು ಆರಿಸುವಾಗ ಕಟ್ಟಡ, ಪ್ಲೇಸ್‌ಮೆಂಟ್ ಬೋರ್ಡು ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ‘ನಿಮ್ಮಲ್ಲಿ ಬ್ರಿಜ್ ಕೋರ್ಸ್ ಎಷ್ಟು ವಾರ, ಯಾರು ಕಲಿಸ್ತಾರೆ, ಲ್ಯಾಬ್ ಎಷ್ಟು ತಾಸು?’

ಗಣಿತ ಎಂಬ ಗೇಟು

ಎರಡನೇ ಅಡ್ಡಿ ಇದಕ್ಕಿಂತ ಮೊದಲೇ ಬರುತ್ತದೆ. ಎಂಸಿಎಗೆ ಮೊದಲಿನಿಂದ ಇರುವ ಷರತ್ತು ಪಿಯುಸಿಯಲ್ಲಿ ಅಥವಾ ಪದವಿಯಲ್ಲಿ ಗಣಿತ ಒಂದು ವಿಷಯವಾಗಿರಬೇಕು ಅನ್ನೋದು. ಪದವಿಯಲ್ಲಿ ಶೇ 50 ಅಂಕ ಬೇಕು, ಮೀಸಲು ವರ್ಗದವರಿಗೆ ಶೇ 45.

ದೇವದುರ್ಗ, ಮಾನ್ವಿಯ ಹುಡುಗ-ಹುಡುಗಿಯರ ಲೆಕ್ಕ ಇಲ್ಲೇ ತಪ್ಪುತ್ತದೆ. ಎಸ್ಸೆಸ್ಸೆಲ್ಸಿ ಆದಮೇಲೆ ಊರಲ್ಲೇ ಸಿಗುವುದು ಹೆಚ್ಚಾಗಿ ಆರ್ಟ್ಸ್, ಕಾಮರ್ಸ್. ಹದಿನಾರನೇ ವಯಸ್ಸಿನಲ್ಲಿ ‘ಗಣಿತ ಬ್ಯಾಡ, ಕಷ್ಟ ಆಗ್ತದ’ ಎಂದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತಗೊಂಡವರಿಗೆ ಐದು ವರ್ಷದ ನಂತರ ಅದೇ ನಿರ್ಧಾರ ಎಂಸಿಎ ಗೇಟಿನಲ್ಲಿ ಅಡ್ಡ ನಿಲ್ಲುತ್ತದೆ. ಅಂದು ಆ ಮಾತನ್ನು ಅವರಿಗೆ ಹೇಳುವವರೇ ಇರಲಿಲ್ಲ.

ಎಐಸಿಟಿಇಯ 2024-27ರ ಕೈಪಿಡಿ ಈ ವಿಷಯದಲ್ಲಿ ಸ್ವಲ್ಪ ಸಡಿಲ ಮಾಡಿದೆ. ಯಾವುದೇ ಪದವಿ ಆಗಬಹುದು, ಗಣಿತ ಇದ್ದರೆ ಒಳ್ಳೆಯದು, ಇಲ್ಲದವರಿಗೆ ಗಣಿತದ ಬ್ರಿಜ್ ಕೋರ್ಸ್ ಕಡ್ಡಾಯ ಎಂಬ ಧಾಟಿಯಲ್ಲಿದೆ. ಆದರೆ ನಮ್ಮ ರಾಜ್ಯದಲ್ಲಿ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅದು ಪಿಜಿಸಿಇಟಿಗೆ ಪ್ರತಿ ವರ್ಷ ಹೊರಡಿಸುವ ಮಾಹಿತಿ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು. ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ಓದಿದವರು, ಬಿಕಾಂನಲ್ಲಿ ಬಿಸಿನೆಸ್ ಮ್ಯಾಥ್ಸ್ ಓದಿದವರು ತಮ್ಮ ಅಂಕಪಟ್ಟಿ ಹಿಡಿದು ಅರ್ಜಿ ಹಾಕುವ ಮೊದಲೇ ಇದನ್ನು ಖಾತ್ರಿ ಮಾಡಿಕೊಳ್ಳಬೇಕು. ರ‍್ಯಾಂಕ್ ಬಂದ ಮೇಲೆ ದಾಖಲೆ ಪರಿಶೀಲನೆಯಲ್ಲಿ ‘ಆಗಲ್ಲ’ ಅಂದರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ.

ಇದನ್ನು ಐಐಟಿ ಮದ್ರಾಸಿನ ಜೊತೆ ಹೋಲಿಸಿ ನೋಡಬಹುದು. 2020ರಲ್ಲಿ ಶುರುವಾದ ಅದರ ಆನ್‌ಲೈನ್ ಡೇಟಾ ಸೈನ್ಸ್ ಪದವಿಗೆ ಜೆಇಇ ಬೇಡ. ಪಿಯುಸಿ ಯಾವ ವಿಭಾಗದಲ್ಲಾದರೂ ಪಾಸಾಗಿರಬೇಕು, ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು, ಅಷ್ಟೇ. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ. ಬೇಕಾದ ಗಣಿತ, ಸಂಖ್ಯಾಶಾಸ್ತ್ರವನ್ನು ಮೊದಲ ಹಂತದಲ್ಲಿ ಅವರೇ ಕಲಿಸುತ್ತಾರೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಕಡಿಮೆ ಆದಾಯದವರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ಅಂದರೆ ದೇಶದ ದೊಡ್ಡ ತಾಂತ್ರಿಕ ಸಂಸ್ಥೆಯೊಂದು ‘ಎಸ್ಸೆಸ್ಸೆಲ್ಸಿ ಗಣಿತ ಸಾಕು, ಉಳಿದದ್ದು ನಾವು ಕಲಿಸ್ತೀವಿ’ ಅನ್ನುತ್ತಿರುವಾಗ, ತಾಲ್ಲೂಕಿನ ಬಿಎ ಪದವೀಧರನಿಗೆ ಪಿಯುಸಿ ಗಣಿತ ಇಲ್ಲ ಎಂದು ಎಂಸಿಎ ಸೀಟು ನಿರಾಕರಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ಏಳುತ್ತದೆ.

ಐಐಐಟಿ ಇದೆ, ಆದರೆ ಈ ಮಕ್ಕಳಿಗಲ್ಲ

‘ರಾಯಚೂರಿಗೇ ಐಐಐಟಿ ಬಂದದಲ್ಲ, ಮತ್ತೆಲ್ಲಿಗೆ ಹೋಗೋದು?’ ಅನ್ನುವವರೂ ಇದ್ದಾರೆ. ಐಐಟಿಗಾಗಿ ಜಿಲ್ಲೆ ವರ್ಷಗಟ್ಟಲೆ ಹೋರಾಡಿತು, ಅದು ಧಾರವಾಡದ ಪಾಲಾಯಿತು. 2019ರಲ್ಲಿ ಬಂದ ಐಐಐಟಿ ಮೊದಲು ಹೈದರಾಬಾದ್ ಐಐಟಿ ಆವರಣದಲ್ಲಿ ತರಗತಿ ನಡೆಸಿ, ಆಮೇಲೆ ರಾಯಚೂರಿಗೆ ಸ್ಥಳಾಂತರವಾಯಿತು. ಅದು ಜಿಲ್ಲೆಗೆ ಹೆಮ್ಮೆ. ಆದರೆ ಅಲ್ಲಿನ ಬಿ.ಟೆಕ್ ಸೀಟು ಸಿಗುವುದು ಜೆಇಇ ಮೇನ್ ಬರೆದವರಿಗೆ, ಇಡೀ ದೇಶದ ಪೈಪೋಟಿಯಲ್ಲಿ. ಮಾನ್ವಿಯ ಬಿಕಾಂ ಪದವೀಧರೆಗೆ ಆ ಗೇಟಿನಿಂದ ಒಳಗೆ ಹೋಗುವ ದಾರಿ ಇಲ್ಲ.

ಅವಳಿಗೆ ಹತ್ತಿರದ ದಾರಿ ವಿಶ್ವವಿದ್ಯಾಲಯಗಳದ್ದು. ಗುಲಬರ್ಗಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿಭಾಗ, ಕಲಬುರಗಿಯಲ್ಲಿರುವ ವಿಟಿಯು ಸ್ನಾತಕೋತ್ತರ ಕೇಂದ್ರ ಎಂಸಿಎ ನಡೆಸುತ್ತವೆ. ಇನ್ನು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೆಇಎ ಮೂಲಕ ಸೀಟು ಸಿಗುತ್ತದೆ. ಗುಲಬರ್ಗಾ ವಿವಿಯಿಂದ ಬೇರೆಯಾಗಿ ಯರಗೇರಾದಲ್ಲಿ ತಲೆಯೆತ್ತಿದ ನಮ್ಮದೇ ವಿಶ್ವವಿದ್ಯಾಲಯಕ್ಕೆ ಈಗ ಮಹರ್ಷಿ ವಾಲ್ಮೀಕಿ ಹೆಸರು, ರಾಯಚೂರು, ಯಾದಗಿರಿ ಎರಡೂ ಜಿಲ್ಲೆ ಅದರ ವ್ಯಾಪ್ತಿ. ಆ ವಿವಿಯ ಪಾತ್ರದ ಮಾತು ಮುಂದೆ ಬರುತ್ತದೆ.

371(ಜೆ) ಪ್ರಮಾಣಪತ್ರ ಕೈಯಲ್ಲಿರಲಿ

ಕಲ್ಯಾಣ ಕರ್ನಾಟಕದವರಿಗೆ ಇರುವ ಒಂದು ಬಲವನ್ನು ಬಹಳ ಜನ ಪಿಜಿ ಸೀಟಿನ ವೇಳೆ ಮರೆಯುತ್ತಾರೆ. ಸಂವಿಧಾನದ 371(ಜೆ) ವಿಧಿಯ ಅಡಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಇಲ್ಲಿನವರಿಗೆ, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ಶೇ 8 ಸೀಟು ಇಲ್ಲಿನವರಿಗೆ ಮೀಸಲು. ಅಂದರೆ ಬೆಂಗಳೂರಿನ ಒಳ್ಳೆಯ ಕಾಲೇಜಿನ ಎಂಸಿಎ ಸೀಟಿಗೆ ಪೈಪೋಟಿ ಮಾಡುವಾಗ ದೇವದುರ್ಗದ ವಿದ್ಯಾರ್ಥಿ ಎಲ್ಲರ ಸಾಲಿನಲ್ಲಿ ನಿಲ್ಲುವುದರ ಜೊತೆಗೆ, ಈ ಚಿಕ್ಕ ಸಾಲಿನಲ್ಲೂ ನಿಲ್ಲಬಹುದು.

ಇದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು, ನಾಡಕಚೇರಿ ಮೂಲಕ ಅರ್ಜಿ ಹಾಕಬಹುದು. ಕೌನ್ಸೆಲಿಂಗ್ ಶುರುವಾದ ಮೇಲೆ ಓಡಾಡಿದರೆ ಕೈಗೆ ಸಿಗುವ ಹೊತ್ತಿಗೆ ಸುತ್ತು ಮುಗಿದಿರುತ್ತದೆ. ಪದವಿಯ ಕೊನೆ ಸೆಮಿಸ್ಟರಿನಲ್ಲೇ ಇದನ್ನು, ಜಾತಿ-ಆದಾಯ ಪ್ರಮಾಣಪತ್ರವನ್ನು ಮಾಡಿಸಿ ಇಟ್ಟುಕೊಳ್ಳುವುದು ಜಾಣತನ.

ಪಿಜಿಸಿಇಟಿ ಎಂಸಿಎ ಪತ್ರಿಕೆಯಲ್ಲಿ ಗಣಿತ, ತಾರ್ಕಿಕ ಪ್ರಶ್ನೆಗಳು, ಕಂಪ್ಯೂಟರ್ ತಿಳಿವಳಿಕೆ, ಸಾಮಾನ್ಯ ಜ್ಞಾನ ಇರುತ್ತವೆ. ಪಿಡಿಒ, ಎಸ್‌ಡಿಎ ಪರೀಕ್ಷೆಗೆ ಓದಿದವರಿಗೆ ಇದರಲ್ಲಿ ಅರ್ಧ ಪಾಲು ಪರಿಚಿತವೇ. ಪಿಯುಸಿ ಗಣಿತ ಮಾತ್ರ ಮತ್ತೊಮ್ಮೆ ತಿರುವಿಹಾಕಬೇಕು.

ಎರಡು ವರ್ಷದ ಲೆಕ್ಕ

ಅಂಗಡಿಯವರ ಭಾಷೆಯಲ್ಲೇ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಪಿಜಿ ಅಥವಾ ರೂಮು, ಊಟ, ಬಸ್ಸು ಸೇರಿ ತಿಂಗಳಿಗೆ 8 ಸಾವಿರ ಎಂದು ಹಿಡಿದರೂ 24 ತಿಂಗಳಿಗೆ 1 ಲಕ್ಷ 92 ಸಾವಿರ. ಕಾಲೇಜು ಶುಲ್ಕ, ಲ್ಯಾಪ್‌ಟಾಪ್ ಇದರ ಮೇಲೆ. ಇದು ಕಣ್ಣಿಗೆ ಕಾಣುವ ಖರ್ಚು.

ಕಾಣದ ಖರ್ಚು ಬೇರೆ ಇದೆ. ಊರಲ್ಲೇ ತಿಂಗಳಿಗೆ 12 ಸಾವಿರದ ಕೆಲಸ ಸಿಗುತ್ತಿತ್ತು ಎಂದಾದರೆ ಎರಡು ವರ್ಷಕ್ಕೆ 2 ಲಕ್ಷ 88 ಸಾವಿರ ಕೈಬಿಟ್ಟ ಹಾಗೆ. ಕೆಲಸವೂ ಇಲ್ಲದಿದ್ದರೆ ಯುವನಿಧಿ ಇದೆ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3 ಸಾವಿರ, ಎರಡು ವರ್ಷದವರೆಗೆ. ಒಟ್ಟು 72 ಸಾವಿರ. ಆದರೆ ಉನ್ನತ ಶಿಕ್ಷಣಕ್ಕೆ ಸೇರಿದವರಿಗೆ ಯುವನಿಧಿ ಇಲ್ಲ. ಎಂಸಿಎ ಸೇರಿಯೂ ಯುವನಿಧಿ ತಗೊಳ್ಳುತ್ತಾ ಹೋದರೆ ಆಮೇಲೆ ತೊಂದರೆ.

ಹೆಣ್ಣುಮಕ್ಕಳಿಗೆ ಒಂದು ಅನುಕೂಲ ಇದೆ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಿಂದ ಕೆಕೆಆರ್‌ಟಿಸಿ ಬಸ್ಸಿನಲ್ಲಿ ಓಡಾಟ ಉಚಿತ. ದೇವದುರ್ಗ, ಮಾನ್ವಿ ಎರಡೂ ರಾಯಚೂರಿನಿಂದ 50 ಕಿ.ಮೀ. ಆಸುಪಾಸು. ಕೋರ್ಸು ರಾಯಚೂರು ಸುತ್ತಲೇ ಸಿಕ್ಕರೆ ಹಾಸ್ಟೆಲ್ ಖರ್ಚಿಲ್ಲದೆ ಮನೆಯಿಂದಲೇ ಓಡಾಡಬಹುದು. ‘ಹುಡುಗೀನ ಬೆಂಗಳೂರಿಗೆ ಕಳ್ಸೋದು ಹೆಂಗ’ ಎಂದು ಹಿಂದೇಟು ಹಾಕುವ ಮನೆಗಳಿಗೆ ಇದು ದೊಡ್ಡ ಮಾತು. ಕೋರ್ಸು ಎಲ್ಲಿ ನಡೆಯುತ್ತದೆ ಎಂಬುದೇ ಯಾರು ಓದುತ್ತಾರೆ ಎಂಬುದನ್ನೂ ನಿರ್ಧರಿಸುತ್ತದೆ.

ಸಾಲದ ವಿಷಯಕ್ಕೆ ಬಂದರೆ, ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಹೊಲ-ಮನೆ ಒತ್ತೆ ಕೇಳುವ ಹಾಗಿಲ್ಲ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಅರ್ಜಿ ಯಾವ ಹಂತದಲ್ಲಿದೆ ಎಂದು ನೋಡಬಹುದು, ‘ನಾಳೆ ಬಾ’ ಎನ್ನುವುದು ತಪ್ಪುತ್ತದೆ. ಕಂತು ಶುರುವಾಗುವುದು ಓದು ಮುಗಿದ ಮೇಲೆ ಆದರೂ ಬಡ್ಡಿ ಮೊದಲ ದಿನದಿಂದ ಬೆಳೆಯುತ್ತದೆ ಎಂಬುದನ್ನು ಮರೆಯಬಾರದು. ಮೊದಲು ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನ, ಸರ್ಕಾರಿ ಹಾಸ್ಟೆಲ್, ನಿಗಮಗಳ ಅರಿವು ಸಾಲ ನೋಡಿ, ಕೊನೆಗೆ ಬ್ಯಾಂಕ್ ಸಾಲ ಎಂಬ ಕ್ರಮ ಒಳ್ಳೆಯದು.

ಕೆಲಸ ಸಿಗ್ತದಾ?

ಎಲ್ಲರ ಪ್ರಶ್ನೆ ಇದೇ. ನೇರ ಉತ್ತರ: ಹತ್ತು ವರ್ಷದ ಹಿಂದೆ ಸಿಕ್ಕಷ್ಟು ಸುಲಭ ಇಲ್ಲ. ದೊಡ್ಡ ಐಟಿ ಕಂಪನಿಗಳು ಹೊಸಬರನ್ನು ತಗೊಳ್ಳುವುದು 2023ರಿಂದ ನಿಧಾನವಾಗಿದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕಡಿತ ಮಾಡುವುದಾಗಿ ಹೇಳಿತು. ಹೊಸಬರು ಮಾಡುತ್ತಿದ್ದ ಸಣ್ಣಪುಟ್ಟ ಕೋಡ್ ಕೆಲಸವನ್ನು ಎಐ ಸಾಧನಗಳು ಮಾಡತೊಡಗಿವೆ. ‘ಎಂಸಿಎ ಸರ್ಟಿಫಿಕೇಟ್ ಬಂತು ಅಂದ್ರ ಬೆಂಗಳೂರಾಗ ನೌಕರಿ ಗ್ಯಾರಂಟಿ’ ಎಂಬ ಮಾತು ಈಗ ನಡೆಯುವುದಿಲ್ಲ.

ಹಾಗಂತ ದಾರಿ ಮುಚ್ಚಿಲ್ಲ. ಬರೀ ಕೋಡ್ ಬರೆಯುವವರಿಗಿಂತ ಯಾವುದಾದರೂ ವ್ಯವಹಾರ ಗೊತ್ತಿದ್ದು ಕೋಡ್ ಬರೆಯಬಲ್ಲವರಿಗೆ ಬೆಲೆ ಉಳಿದಿದೆ. ಇಲ್ಲೇ ಬಿಕಾಂ, ಬಿಎಸ್ಸಿ ಕೃಷಿ, ಬಿಎ ಅರ್ಥಶಾಸ್ತ್ರದವರ ಲಾಭ. ಜಿಎಸ್‌ಟಿ, ಇ-ವೇ ಬಿಲ್, ಸ್ಟಾಕ್ ಲೆಕ್ಕ ಗೊತ್ತಿರುವ ಹುಡುಗ ಡೇಟಾಬೇಸ್ ಕಲಿತರೆ ಅಕೌಂಟಿಂಗ್ ಸಾಫ್ಟ್‌ವೇರ್ ಕಂಪನಿಗೆ, ಬ್ಯಾಂಕಿನ ಸಾಫ್ಟ್‌ವೇರ್ ತಂಡಕ್ಕೆ ಬೇಕಾದವನಾಗುತ್ತಾನೆ. ಬೇರೆ ಪದವಿಯವರು ಕಂಪ್ಯೂಟರ್ ಓದುವುದರ ಮೂಲ ಅರ್ಥವೇ ಇದು. ಹಳೆಯದನ್ನು ಬಿಟ್ಟು ಬರುವ ಅಗತ್ಯ ಇಲ್ಲ, ಜೊತೆಗೆ ತಗೊಂಡು ಬರಬೇಕು.

ಊರಲ್ಲೂ ಕೆಲಸ ಇಲ್ಲ ಎಂದಲ್ಲ. ರಾಯಚೂರು, ಮಾನ್ವಿ ಸುತ್ತಲಿನ ಅಕ್ಕಿ ಗಿರಣಿಗಳು, ಹತ್ತಿ ಜಿನ್ನಿಂಗ್ ಮಿಲ್ಲುಗಳು, ಗಂಜ್‌ನ ದಲಾಲಿ ಅಂಗಡಿಗಳು, ಗೊಬ್ಬರ-ಔಷಧಿ ಅಂಗಡಿಗಳು ಎಲ್ಲವೂ ಈಗ ಬಿಲ್ಲಿಂಗ್ ಸಾಫ್ಟ್‌ವೇರ್ ಮೇಲೆ ನಡೆಯುತ್ತವೆ. ಸಾಫ್ಟ್‌ವೇರ್ ಕೆಟ್ಟರೆ ಹೈದರಾಬಾದ್‌ನಿಂದಲೋ ಬೆಂಗಳೂರಿನಿಂದಲೋ ಫೋನಿನಲ್ಲಿ ದುರಸ್ತಿ. ಇದು ದೊಡ್ಡ ಸಂಬಳದ ಕೆಲಸ ಅಲ್ಲ, ಆದರೆ ಸ್ವಂತ ಕಾಲ ಮೇಲೆ ನಿಲ್ಲುವ ಕೆಲಸ. ಅದಕ್ಕೆ ಎಂಸಿಎಯೇ ಬೇಕೆಂದೂ ಇಲ್ಲ ಎಂಬುದು ಬೇರೆ ಮಾತು.

ಇನ್ನೊಂದು ದಾರಿ ಅಧ್ಯಾಪನ. ಎಂಸಿಎ ಮಾಡಿ ಶೇ 55 ಅಂಕ ಪಡೆದವರು ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ಕೆಸೆಟ್ ಅಥವಾ ಎನ್‌ಇಟಿ ಬರೆಯಬಹುದು. ಸರ್ಕಾರಿ ನೇಮಕಾತಿ ಬಂದಾಗ ಈ ಭಾಗದ ಗ್ರೂಪ್ ಎ, ಬಿ ಹುದ್ದೆಗಳಲ್ಲಿ ಶೇ 75 ಸ್ಥಳೀಯರಿಗೆ ಎಂಬ 371(ಜೆ) ನಿಯಮ ಇಲ್ಲೂ ಕೈಹಿಡಿಯುತ್ತದೆ.

ಆನ್‌ಲೈನ್, ಅಮೀರ್‌ಪೇಟ್ ಮತ್ತು ಏಜೆಂಟರು

ಮನೆ ಬಿಟ್ಟು ಹೋಗಲಾಗದವರಿಗೆ ಇಗ್ನೋ ಎಂಸಿಎ ಇದೆ. ಅದೂ ಈಗ ಎರಡು ವರ್ಷದ್ದೇ. ಕಂಪ್ಯೂಟರ್ ಓದದೆ ಬಂದವರು ಸಿ ಮತ್ತು ಪೈಥಾನ್ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ ಎಂಬ ಎರಡು ಬ್ರಿಜ್ ವಿಷಯ ಹೆಚ್ಚಾಗಿ ಪಾಸಾಗಬೇಕು. ಖರ್ಚು ಕಾಲೇಜಿಗಿಂತ ಬಹಳ ಕಡಿಮೆ. ಆದರೆ ಪ್ರಾಯೋಗಿಕ ತರಗತಿಗೆ ಕೇಂದ್ರಕ್ಕೆ ಹೋಗಲೇಬೇಕು, ತನ್ನಷ್ಟಕ್ಕೆ ಕೂತು ಓದುವ ಹಟ ಇರಬೇಕು. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣ, ಆನ್‌ಲೈನ್ ಪದವಿಗೆ ರೆಗ್ಯುಲರ್ ಪದವಿಯಷ್ಟೇ ಬೆಲೆ ಎಂದು ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ.

ಮಾನ್ಯತೆ ಇರುವ ಅನ್ನುವುದೇ ಮುಖ್ಯ. ‘ಒಂದೇ ವರ್ಷದಾಗ ಎಂಸಿಎ ಕೊಡಿಸ್ತೀವಿ, ಪರೀಕ್ಷೆಗೆ ಬರೋದೂ ಬ್ಯಾಡ’ ಎನ್ನುವ ಏಜೆಂಟರ ಫೋನು ಬಂದರೆ ಇಟ್ಟುಬಿಡುವುದೇ ಸರಿ. ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿವಿ, ಆ ಕೋರ್ಸು, ಆ ವರ್ಷಕ್ಕೆ ಇದೆಯೇ ನೋಡಬೇಕು. 2024ರಿಂದ ಇಂಥ ಕೋರ್ಸು ಸೇರುವವರು ಸ್ವತಃ ಡೆಬ್ ಐಡಿ ಮಾಡಿಕೊಳ್ಳುವುದು ಕಡ್ಡಾಯ. ಅದನ್ನು ಕೇಳದೆ ದುಡ್ಡು ಕೇಳಿದವರನ್ನು ನಂಬುವ ಹಾಗಿಲ್ಲ.

ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಮೀರ್‌ಪೇಟ್‌ನ ಮೂರು-ಆರು ತಿಂಗಳ ಕೋರ್ಸಿಗೆ ಹೋದ ಹುಡುಗರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಕೆಲವರು ಕೆಲಸ ಹಿಡಿದಿದ್ದಾರೆ, ಕೆಲವರು ವಾಪಸ್ ಬಂದಿದ್ದಾರೆ. ಕೌಶಲ ಅಲ್ಲಿ ಸಿಗಬಹುದು, ಪದವಿ ಸಿಗುವುದಿಲ್ಲ. ನೇಮಕಾತಿಯಲ್ಲಿ ‘ಬಿಇ ಅಥವಾ ಎಂಸಿಎ’ ಎಂದು ಬರೆದ ಕಡೆ ಆ ಸರ್ಟಿಫಿಕೇಟು ಲೆಕ್ಕಕ್ಕೆ ಬರುವುದಿಲ್ಲ.

ಊರಲ್ಲೇ ಮೆಟ್ಟಿಲು ಕಟ್ಟಬಹುದು

2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ದೇವದುರ್ಗ, ಮಾನ್ವಿ ತಾಲ್ಲೂಕುಗಳನ್ನು ಅತಿ ಹಿಂದುಳಿದವು ಎಂದು ಗುರುತಿಸಿತ್ತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 59.56, ರಾಜ್ಯದ ಸರಾಸರಿ ಶೇ 75ಕ್ಕೂ ಮೇಲೆ. ಇಂಥ ಕಡೆ ಅವಕಾಶ ಎಂಬುದು ತುಂಗಭದ್ರಾ ಎಡದಂಡೆ ನಾಲೆಯ ನೀರಿನ ಹಾಗೆ. ಮೇಲಿನವರಿಗೆ ಮೊದಲು, ಕೊನೆ ಭಾಗಕ್ಕೆ ಬರುವ ಹೊತ್ತಿಗೆ ಉಳಿದಷ್ಟು. ಎಂಸಿಎ ವಿಷಯದಲ್ಲೂ ಬಿಸಿಎ ಕಾಲೇಜು, ಗಣಿತದ ಪಿಯುಸಿ, ಇಂಗ್ಲಿಷ್ ಇರುವ ಊರಿನವರು ಮೇಲಿನವರು.

ಆದರೆ ಈ ಸಲ ತೂಬಿನ ಕೀಲಿ ಸ್ವಲ್ಪ ನಮ್ಮ ಕೈಯಲ್ಲೂ ಇದೆ. ಬ್ರಿಜ್ ಕೋರ್ಸ್ ಹೇಗಿರಬೇಕು ಎಂದು ತೀರ್ಮಾನಿಸುವುದು ವಿಶ್ವವಿದ್ಯಾಲಯ. ಯರಗೇರಾದ ವಿವಿ ಮನಸ್ಸು ಮಾಡಿದರೆ ಪದವಿ ಪರೀಕ್ಷೆ ಮುಗಿದು ಪಿಜಿ ಪ್ರವೇಶ ಶುರುವಾಗುವ ನಡುವಿನ ಎರಡು-ಮೂರು ತಿಂಗಳಲ್ಲಿ ಗಣಿತ ಮತ್ತು ಪ್ರೋಗ್ರಾಮಿಂಗ್ ಪೂರ್ವಸಿದ್ಧತಾ ತರಗತಿ ನಡೆಸಬಹುದು. ಅದಕ್ಕೆ ಹೊಸ ಕಟ್ಟಡ ಬೇಡ. ದೇವದುರ್ಗ, ಮಾನ್ವಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಕಂಪ್ಯೂಟರ್ ಲ್ಯಾಬು ರಜೆಯಲ್ಲಿ ಬೀಗ ಹಾಕಿಕೊಂಡು ಇರುವ ಬದಲು ತೆರೆದರೆ ಸಾಕು. ಪಾಠ ಕನ್ನಡದಲ್ಲಿ ವಿವರಿಸಿ, ಪದಗಳನ್ನು ಇಂಗ್ಲಿಷಿನಲ್ಲಿ ರೂಢಿ ಮಾಡಿಸಿದರೆ ಕನ್ನಡ ಮಾಧ್ಯಮದವರ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಪಾಠ ಕಲಿಸುವವರ ಗೌರವಧನಕ್ಕೆ ಕೆಕೆಆರ್‌ಡಿಬಿಯ ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮದಂಥ ಶಿಕ್ಷಣದ ಬಾಬ್ತು ಇದ್ದೇ ಇದೆ. ಶಾಸಕರು, ಸಿಂಡಿಕೇಟ್ ಸದಸ್ಯರು ಕೇಳಬೇಕಾದದ್ದು ಇದನ್ನು.

ಪಿಯು ಕಾಲೇಜುಗಳೂ ಒಂದು ಕೆಲಸ ಮಾಡಬಹುದು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಕ್ಕಳಿಗೆ ಕಾಂಬಿನೇಷನ್ ಆರಿಸುವ ದಿನವೇ, ‘ಗಣಿತ ಅಥವಾ ಕಂಪ್ಯೂಟರ್ ಇರುವ ಕಾಮರ್ಸ್ ತಗೊಂಡರೆ ಮುಂದೆ ಎಂಸಿಎ ದಾರಿ ತೆರೆದಿರುತ್ತದೆ’ ಎಂದು ಒಂದು ಮಾತು ಹೇಳುವುದು. ಇದಕ್ಕೆ ಒಂದು ರೂಪಾಯಿಯೂ ಬೇಡ.

ಯಾರು ಸೇರಬೇಕು, ಯಾರು ಬೇಡ

ಅಲ್ಲಿಯವರೆಗೆ ಮನೆಮನೆಯ ನಿರ್ಧಾರ ಅವರವರದ್ದೇ. ಅದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಎರಡು ವರ್ಷ ಹಾಕುವ ಮೊದಲು ಎರಡು-ಮೂರು ತಿಂಗಳು ಹಾಕಿ ನೋಡುವುದು. ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಕೋರ್ಸು ಕಲಿಯಲು ಉಚಿತ, ಪರೀಕ್ಷೆ ಬರೆದರೆ ಮಾತ್ರ ಶುಲ್ಕ. ಮೊಬೈಲ್‌ನಲ್ಲಿ ಪಾಠ ನೋಡಬಹುದು, ಅಭ್ಯಾಸಕ್ಕೆ ಮಾತ್ರ ಕಂಪ್ಯೂಟರ್ ಬೇಕು. ದಿನಾ ಒಂದು ತಾಸು ಕೂತು ಪ್ರತಿ ವಾರದ ಅಸೈನ್‌ಮೆಂಟ್ ಮುಗಿಸಿದರೆ, ತಪ್ಪು ಬಂದಾಗ ಸಿಟ್ಟಿಗಿಂತ ಕುತೂಹಲ ಹೆಚ್ಚಾದರೆ, ಅಂಥ ಮಗ-ಮಗಳಿಗೆ ಎಂಸಿಎ ಕೊಡಿಸಲು ಹಿಂದೆಮುಂದೆ ನೋಡಬೇಕಿಲ್ಲ. ಮೂರನೇ ವಾರಕ್ಕೇ ಬಿಟ್ಟರೆ ಅದೂ ತಪ್ಪಲ್ಲ, ಎರಡು ವರ್ಷ, ಎರಡು-ಮೂರು ಲಕ್ಷ ಉಳಿಯಿತು. ಟ್ಯಾಲಿ, ಜಿಎಸ್‌ಟಿ, ಬ್ಯಾಂಕ್ ಪರೀಕ್ಷೆ, ಬಿಎಡ್ ಯಾವುದೂ ಕಡಿಮೆ ದಾರಿ ಅಲ್ಲ.

‘ಪಕ್ಕದ ಮನೆಯವ ಸೇರ್ಯಾನ’ ಎಂದು ಮಾತ್ರ ಸೇರಿಸಬಾರದು. ಸೇರಿಸುವುದಾದರೆ ಈ ನಾಲ್ಕು ಮೊದಲು ಮುಗಿಯಲಿ: ಅಂಕಪಟ್ಟಿಯಲ್ಲಿ ಗಣಿತ ಇದೆಯೇ ಎಂದು ಕೆಇಎ ಪುಸ್ತಕದ ಜೊತೆ ಹೊಂದಿಸಿ ನೋಡುವುದು, 371(ಜೆ) ಪ್ರಮಾಣಪತ್ರ ಮಾಡಿಸುವುದು, ಮೂರು ತಿಂಗಳು ಪೈಥಾನ್ ಕಲಿತು ನೋಡುವುದು, ಕಾಲೇಜಿಗೆ ಹೋಗಿ ಬ್ರಿಜ್ ಕೋರ್ಸಿನ ವೇಳಾಪಟ್ಟಿ ಕೇಳುವುದು. ವೇಳಾಪಟ್ಟಿ ತೋರಿಸದ ಕಾಲೇಜಿನಲ್ಲಿ ಬಿಎ, ಬಿಕಾಂ ಮಕ್ಕಳು ಮೊದಲ ಸೆಮಿಸ್ಟರಿನಿಂದಲೇ ಒಬ್ಬಂಟಿ ಎಂದು ತಿಳಿಯಬೇಕು.